ಕರೆ ಬಂತೆಂದರೆ ಸಾಲದು

ಕ್ಯಾಥೊಲಿಕ್ ಗುರುದೀಕ್ಷೆಯ ಪೂಜೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಎಂಟು ಹತ್ತು ವರ್ಷ ಸೆಮಿನರಿಯಲ್ಲಿ ಓದಿ, ಪ್ರಾರ್ಥಿಸಿ, ಪಳಗಿದ ಯುವಕನ ಹೆಸರನ್ನು ಎಲ್ಲರೆದುರು ಕೂಗುತ್ತಾರೆ. ಅವನು ಎದ್ದು, ಇಲ್ಲಿದ್ದೇನೆ ಎಂದು ಓಗೊಟ್ಟು ಮುಂದೆ ಬರುತ್ತಾನೆ. ಇನ್ನೇನು ಬಿಷಪರು ಅವನ ತಲೆಯ ಮೇಲೆ ಕೈಯಿಡುತ್ತಾರೆ ಎಂದು ನೆರೆದವರು ಅಂದುಕೊಳ್ಳುವ ಹೊತ್ತಿಗೆ ಬಿಷಪರು ಅವನನ್ನು ಬಿಟ್ಟು, ಅವನ ಪರವಾಗಿ ನಿಂತ ಹಿರಿಯ ಗುರುಗಳ ಕಡೆ ತಿರುಗುತ್ತಾರೆ. ಇವನು ಈ ಕೆಲಸಕ್ಕೆ ತಕ್ಕವನೆಂದು ನಿಮಗೆ ಗೊತ್ತೇ ಎಂದು ಕೇಳುತ್ತಾರೆ. ಜನರನ್ನು ವಿಚಾರಿಸಿದ್ದೇವೆ, ತರಬೇತಿ ಕೊಟ್ಟವರ ಅಭಿಪ್ರಾಯ ಪಡೆದಿದ್ದೇವೆ, ತಕ್ಕವನೆಂದು ಕಂಡಿದೆ ಎಂಬ ಅರ್ಥದ ಸಾಕ್ಷಿ ನುಡಿದ ಮೇಲೆಯೇ ವಿಧಿ ಮುಂದಕ್ಕೆ ಸಾಗುತ್ತದೆ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಕರೆದವನು ದೇವರೇ ಆಗಿದ್ದರೆ ಊರವರನ್ನೇಕೆ ವಿಚಾರಿಸಬೇಕು? ದೇವರು ಒಪ್ಪಿದ ಮೇಲೆ ಧರ್ಮಕೇಂದ್ರದ ಜನ ಒಪ್ಪಿದರೇನು, ಬಿಟ್ಟರೇನು?

ಪಾಸ್ಕ ಹಬ್ಬದ ಕಾಲದ ನಾಲ್ಕನೆಯ ಭಾನುವಾರ ಕ್ಯಾಥೊಲಿಕ್ ಚರ್ಚು ದೈವಕರೆಗಾಗಿ ಪ್ರಾರ್ಥನೆ ಮಾಡುತ್ತದೆ. 1964ರಲ್ಲಿ ಆರನೆಯ ಪೌಲ್ ಪೋಪರು ಈ ರೂಢಿಯನ್ನು ಶುರುಮಾಡಿದರು. ಅಂದಿನ ಪ್ರವಚನಗಳಲ್ಲಿ ಬಲೆಯನ್ನು ದಡದಲ್ಲೇ ಬಿಟ್ಟು ಯೇಸುವಿನ ಹಿಂದೆ ಹೊರಟ ಬೆಸ್ತರೂ, ಸುಂಕದ ಕಟ್ಟೆಯಿಂದ ಎದ್ದುಹೋದ ಮತ್ತಾಯನೂ ಬರುತ್ತಾರೆ. ಕರೆ, ತಕ್ಷಣದ ಉತ್ತರ, ಎಲ್ಲವನ್ನೂ ತೊರೆದ ಧೈರ್ಯ: ಕತೆಯ ಈ ಅರ್ಧ ಎಲ್ಲರಿಗೂ ಗೊತ್ತು. ಇನ್ನರ್ಧ ಅಷ್ಟು ಪ್ರಚಾರದಲ್ಲಿಲ್ಲ. ‘ದೇವರು ನನ್ನನ್ನು ಕರೆದ’ ಎಂಬ ಮಾತನ್ನು ಕ್ರೈಸ್ತ ಪರಂಪರೆ ಅದನ್ನು ಹೇಳಿದವನ ಬಾಯಿಮಾತಿನ ಮೇಲೆ ಎಂದೂ ಸುಮ್ಮನೆ ನಂಬಿಲ್ಲ. ಕೇಳಿಸಿದ್ದನ್ನು ಇನ್ನೊಬ್ಬರ ಮುಂದಿಟ್ಟು, ಕಾದು, ಕಾಲಕ್ಕೆ ಒಡ್ಡಿ ನೋಡುವ ಕ್ರಮವೊಂದನ್ನು ಅದು ಎರಡು ಸಾವಿರ ವರ್ಷಗಳಲ್ಲಿ ಬೆಳೆಸಿಕೊಂಡಿದೆ. ಓಗೊಡುವುದೆಂದರೆ ಆ ಪರೀಕ್ಷೆಗೆ ತಲೆಬಾಗುವುದೂ ಹೌದು.

ಏಲಿಯ ಪ್ರಾಮಾಣಿಕತೆ

ಸಂಡೇ ಸ್ಕೂಲಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಬಾಲಕ ಸಮುವೇಲನ ಕತೆಯನ್ನೇ ನೋಡಿ. ಶೀಲೋವಿನ ಗುಡಿಯಲ್ಲಿ ಮಲಗಿದ್ದ ಹುಡುಗನಿಗೆ ರಾತ್ರಿ ಯಾರೋ ಹೆಸರು ಹಿಡಿದು ಕೂಗಿದ್ದು ಕೇಳಿಸುತ್ತದೆ. ಅವನು ಮುದಿ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎನ್ನುತ್ತಾನೆ ಏಲಿ. ಹೀಗೆ ಮೂರು ಸಲ ನಡೆಯುತ್ತದೆ. ಅದು ದೇವರ ದನಿ ಎಂದು ಮೊದಲು ಹೊಳೆಯುವುದು ಕೇಳಿಸಿಕೊಂಡ ಹುಡುಗನಿಗಲ್ಲ, ಏನನ್ನೂ ಕೇಳಿಸಿಕೊಳ್ಳದ, ಕಣ್ಣು ಮಂಜಾದ ಮುದುಕನಿಗೆ. ಮತ್ತೆ ಕೂಗಿದರೆ ಹೇಗೆ ಉತ್ತರಿಸಬೇಕೆಂದು ಹೇಳಿಕೊಡುವವನೂ ಅವನೇ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅಂದು ದೇವರು ಹುಡುಗನಿಗೆ ಹೇಳಿದ್ದು ಏಲಿಯ ಮನೆತನದ ಮೇಲೆ ಬರಲಿರುವ ತೀರ್ಪನ್ನು. ಏಲಿಯ ಮಕ್ಕಳು ಗುಡಿಯ ಕಾಣಿಕೆಯನ್ನು ನುಂಗುತ್ತಿದ್ದರು, ಅಪ್ಪ ತಡೆದಿರಲಿಲ್ಲ. ಬೆಳಗಾದಾಗ ಹೇಳಲು ಅಂಜಿದ ಹುಡುಗನನ್ನು, ಒಂದು ಮಾತನ್ನೂ ಮುಚ್ಚಿಡಬೇಡ ಎಂದು ಏಲಿಯೇ ಒತ್ತಾಯಿಸಿ ಕೇಳುತ್ತಾನೆ. ತನ್ನ ವಿರುದ್ಧವೇ ತಿರುಗಿದ ದನಿಯನ್ನೂ ದೇವರದೆಂದು ಒಪ್ಪುತ್ತಾನೆ. ಬೇರೆಯವರ ಕರೆಯನ್ನು ತೂಗಿ ನೋಡುವ ಹಿರಿಯರಿಗೆ, ಬಿಷಪರಿಗೆ, ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಕಠಿಣವಾದ ಪಾಠ ಬೈಬಲಿನಲ್ಲಿ ಸಿಗಲಾರದು. ತಮಗೆ ಲಾಭವಾದರೆ ಮಾತ್ರ ಅದು ದೈವಕರೆ, ನಷ್ಟವಾದರೆ ಹುಡುಗಾಟ ಎನ್ನುವ ಸ್ವಾತಂತ್ರ್ಯ ಅವರಿಗಿಲ್ಲ.

ಬೈಬಲಿನಲ್ಲಿ ಕರೆ ಬಂದೊಡನೆ ಕುಣಿದು ಹೊರಟವರು ಕಡಿಮೆ. ಮೋಶೆ ಒಂದರ ಮೇಲೊಂದು ನೆಪ ಹೇಳಿ ಕೊನೆಗೆ ಬೇರೆ ಯಾರನ್ನಾದರೂ ಕಳಿಸು ಎಂದು ಬೇಡುತ್ತಾನೆ. ಯೆರೆಮೀಯ ತನಗಿನ್ನೂ ಚಿಕ್ಕ ವಯಸ್ಸು ಎನ್ನುತ್ತಾನೆ. ಯೋನ ಹಡಗು ಹತ್ತಿ ತದ್ವಿರುದ್ಧ ದಿಕ್ಕಿಗೆ ಪರಾರಿಯಾಗುತ್ತಾನೆ. ಮರಿಯಳು ಕೂಡ ಒಪ್ಪುವ ಮೊದಲು ಇದು ಹೇಗಾದೀತು ಎಂದು ದೇವದೂತನನ್ನೇ ಪ್ರಶ್ನಿಸುತ್ತಾಳೆ. ಹಿಂಜರಿಕೆಯನ್ನು ಬೈಬಲು ಅವಿಶ್ವಾಸವೆಂದು ತಳ್ಳಿಹಾಕುವುದಿಲ್ಲ. ಅದು ಅನುಮಾನದಿಂದ ನೋಡುವುದು ಆತುರವನ್ನು: ದೇವರು ಕಳಿಸದೆಯೇ ಓಡಿದ ಪ್ರವಾದಿಗಳ ಬಗ್ಗೆ ಯೆರೆಮೀಯನ ಗ್ರಂಥದಲ್ಲಿ ಕಟುವಾದ ಮಾತುಗಳಿವೆ.

ನೇರವಾಗಿ ಕರೆ ಪಡೆದೆನೆಂದು ಪೌಲನಷ್ಟು ಗಟ್ಟಿಯಾಗಿ ಹೇಳಿಕೊಂಡವರು ಇನ್ನೊಬ್ಬರಿಲ್ಲ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕುರುಳಿ ಕುರುಡಾದವನು ಅವನು. ಆದರೂ ಅವನಿಗೆ ಕಣ್ಣು ಮರಳಿದ್ದು ಅನನೀಯ ಎಂಬ ಸಾಮಾನ್ಯ ಶಿಷ್ಯ ಅಂಜುತ್ತಂಜುತ್ತ ಬಂದು ಕೈಯಿಟ್ಟಾಗ. ಸುವಾರ್ತೆ ಸಾರಲು ಅವನನ್ನು ಕಳಿಸಿದ್ದು ಅಂತಿಯೋಕ್ಯದ ಸಭೆ. ಹದಿನಾಲ್ಕು ವರ್ಷಗಳ ಮೇಲೆ, ತನ್ನ ಓಟ ವ್ಯರ್ಥವಾಗಿಲ್ಲವಷ್ಟೆ ಎಂದು ಖಚಿತಪಡಿಸಿಕೊಳ್ಳಲು ಜೆರುಸಲೇಮಿಗೆ ಹೋಗಿ ತನ್ನ ಬೋಧನೆಯನ್ನು ಅಲ್ಲಿನ ಹಿರಿಯರ ಮುಂದಿಟ್ಟೆ ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ.

ಜನ ಕೂಗಿದ್ದೂ ಕರೆಯೇ

ಮೊದಲ ಶತಮಾನಗಳ ಚರ್ಚಿನಲ್ಲಿ ಈ ಕ್ರಮ ಕೆಲವೊಮ್ಮೆ ಪೂರ್ತಿ ತಲೆಕೆಳಗಾಗಿಯೂ ನಡೆಯಿತು. 374ರಲ್ಲಿ ಇಟಲಿಯ ಮಿಲಾನಿನ ಬಿಷಪ್ ತೀರಿಕೊಂಡರು. ಉತ್ತರಾಧಿಕಾರಿಯನ್ನು ಆರಿಸುವಾಗ ಎರಡು ಬಣಗಳ ನಡುವೆ ಗಲಭೆಯಾಗುವ ಸೂಚನೆ ಕಂಡು, ಶಾಂತಿ ಕಾಪಾಡಲು ಪ್ರಾಂತ್ಯದ ರಾಜ್ಯಪಾಲ ಆಂಬ್ರೋಸ್ ಚರ್ಚಿಗೆ ಬಂದ. ಜನ ಅವನನ್ನೇ ಬಿಷಪ್ ಮಾಡಿ ಎಂದು ಕೂಗತೊಡಗಿದರು. ಆಗಿನ್ನೂ ಅವನಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲ. ತಪ್ಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಕೆಲವೇ ದಿನಗಳಲ್ಲಿ ದೀಕ್ಷಾಸ್ನಾನ ಪಡೆದು ಬಿಷಪನಾದ. 387ರಲ್ಲಿ ಅವನಿಂದ ದೀಕ್ಷಾಸ್ನಾನ ಪಡೆದ ಅಗಸ್ಟಿನ್ ಆಫ್ರಿಕಕ್ಕೆ ಮರಳಿ ಓದು, ಧ್ಯಾನಗಳಲ್ಲಿ ಬದುಕು ಕಳೆಯಬೇಕೆಂದಿದ್ದ. 391ರಲ್ಲಿ ಹಿಪ್ಪೋ ಪಟ್ಟಣಕ್ಕೆ ಯಾವುದೋ ಕೆಲಸಕ್ಕೆಂದು ಬಂದವನನ್ನು ಜನ ಹಿಡಿದು ಬಿಷಪರ ಮುಂದೆ ನಿಲ್ಲಿಸಿ ಗುರುದೀಕ್ಷೆ ಕೊಡಿಸಿದರು. ಅವನು ಅಳುತ್ತಿದ್ದನಂತೆ.

ಒಳಗಿನಿಂದ ಯಾವ ದನಿಯೂ ಕೇಳಿಸದ ಈ ಇಬ್ಬರೂ ಪಶ್ಚಿಮದ ಚರ್ಚಿನ ಮಹಾ ಆಚಾರ್ಯರ ಸಾಲಿಗೆ ಸೇರಿದರು. ಹಾಗೆಂದು ಗುಂಪು ಕೂಗಿದ್ದೆಲ್ಲ ದೈವವಾಣಿಯಾಗುವುದಿಲ್ಲ. ಆದರೆ ಅಂದಿನ ಕ್ರೈಸ್ತರು ಕರೆಯನ್ನು ಒಬ್ಬನ ಎದೆಯೊಳಗಿನ ಖಾಸಗಿ ಸ್ವತ್ತು ಎಂದು ತಿಳಿದಿರಲಿಲ್ಲ. ಸೇವೆ ಪಡೆಯುವವರಿಗೂ ಅದರಲ್ಲಿ ಮಾತಿತ್ತು. ಇಂದಿನ ಗುರುದೀಕ್ಷೆಯಲ್ಲಿ ಬಿಷಪರು ಕೇಳುವ ಪ್ರಶ್ನೆಯಲ್ಲಿ ಆ ತಿಳಿವಳಿಕೆ ಇನ್ನೂ ಬದುಕಿದೆ.

ಸಿಪಾಯಿಯ ಹಾಸಿಗೆಯಲ್ಲಿ ಹುಟ್ಟಿದ ಶಾಸ್ತ್ರ

ಹೊರಗಿನ ಸಾಕ್ಷಿಯಷ್ಟೇ ಒಳಗಿನ ಸಾಕ್ಷಿಯನ್ನೂ ತೂಗುವ ಕ್ರಮವನ್ನು ವಿವರವಾಗಿ ಬರೆದಿಟ್ಟವರು ಇಗ್ನೇಷಿಯಸ್ ಲೊಯೋಲಾ. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರು ಓದಲು ವೀರರ ಪ್ರಣಯಕತೆಗಳನ್ನು ಕೇಳಿದರು. ಮನೆಯಲ್ಲಿದ್ದುದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕತೆಗಳು. ಅವನ್ನು ಓದುತ್ತ, ನಡುನಡುವೆ ಹಗಲುಗನಸು ಕಾಣುತ್ತ ಮಲಗಿದ್ದವರಿಗೆ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ರಾಜವಂಶದ ಹೆಣ್ಣೊಬ್ಬಳ ಮೆಚ್ಚುಗೆಗಾಗಿ ಸಾಹಸ ಮಾಡುವ ಕನಸು ಕಾಣುವಷ್ಟು ಹೊತ್ತು ಹಿತವಾಗಿರುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಸಂತರಂತೆ ಬದುಕುವ ಕನಸಿನ ಹಿತ ಮಾತ್ರ ಕನಸು ಕಳೆದ ಮೇಲೂ ಉಳಿಯುತ್ತಿತ್ತು.

ಈ ಸಣ್ಣ ಗಮನಿಕೆಯಿಂದ ಬೆಳೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿ 1548ರಲ್ಲಿ ಅಚ್ಚಾಯಿತು. ಅದರ ಸಲಹೆಗಳು ಅಚ್ಚರಿ ಹುಟ್ಟಿಸುವಷ್ಟು ವ್ಯಾವಹಾರಿಕ. ದೊಡ್ಡ ನಿರ್ಧಾರವೊಂದನ್ನು ಮಾಡಬೇಕಾದಾಗ, ನಿನಗೆ ಪರಿಚಯವೇ ಇಲ್ಲದ ಒಬ್ಬ ಇದೇ ಸ್ಥಿತಿಯಲ್ಲಿ ಸಲಹೆ ಕೇಳಲು ಬಂದರೆ ಏನು ಹೇಳುವೆಯೋ ಅದನ್ನೇ ನಿನಗೂ ಹೇಳಿಕೋ ಎನ್ನುತ್ತದೆ ಒಂದು ಸೂತ್ರ. ಸಾಯುವ ಗಳಿಗೆಯಲ್ಲಿ ಹಿಂತಿರುಗಿ ನೋಡಿದರೆ ಯಾವ ಆಯ್ಕೆಯನ್ನು ಮಾಡಿರಬೇಕಿತ್ತು ಅನ್ನಿಸುತ್ತದೋ ಯೋಚಿಸು ಎನ್ನುತ್ತದೆ ಇನ್ನೊಂದು. ಮನಸ್ಸು ಕುಗ್ಗಿ ಕತ್ತಲಾದ ಹೊತ್ತಿನಲ್ಲಿ ಹಿಂದೆ ಸಮಾಧಾನದಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡ ಎಂಬುದು ಮತ್ತೊಂದು. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇರುವುದು ಮಾರ್ಗದರ್ಶಕನಿಗೆ: ಧ್ಯಾನಕ್ಕೆ ಕುಳಿತವನನ್ನು ಸನ್ಯಾಸದ ಕಡೆಗಾಗಲಿ ಸಂಸಾರದ ಕಡೆಗಾಗಲಿ ದೂಡಬೇಡ, ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲು, ದೇವರೂ ಅವನೂ ಮಾತಾಡಿಕೊಳ್ಳಲಿ.

ಸ್ವತಃ ಇಗ್ನೇಷಿಯಸರಿಗೂ ‘ಆಗದು’ ಎಂಬ ಉತ್ತರ ಸಿಕ್ಕಿತ್ತು. ಜೆರುಸಲೇಮಿನಲ್ಲೇ ನೆಲೆಸುವುದು ತಮ್ಮ ಕರೆ ಎಂದು ನಂಬಿ 1523ರಲ್ಲಿ ಅಲ್ಲಿಗೆ ಹೋದರು. ಅಲ್ಲಿನ ಫ್ರಾನ್ಸಿಸ್ಕನ್ ಮೇಲಧಿಕಾರಿ, ಇಲ್ಲಿರುವುದು ಅಪಾಯ, ಹೊರಡದಿದ್ದರೆ ಬಹಿಷ್ಕಾರ ಹಾಕುವೆ ಎಂದರು. ಇಗ್ನೇಷಿಯಸ್ ಆ ಮಾತಿಗೆ ತಲೆಬಾಗಿ, ದೇವರ ಚಿತ್ತ ಇದಲ್ಲ ಎಂದುಕೊಂಡು ಸ್ಪೇನಿಗೆ ಮರಳಿದರು. ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿತರು. ಮುಂದೆ ಅವರು ಕಟ್ಟಿದ ಜೆಸ್ವಿಟ್ ಸಂಘಕ್ಕೆ ಪೋಪರ ಮನ್ನಣೆ ಸಿಕ್ಕಿದ್ದು 1540ರಲ್ಲಿ. ಆ ಸಂಘದವರು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಅಂದು ಜೆರುಸಲೇಮಿನಲ್ಲಿ ಬಿದ್ದ ತಡೆಯನ್ನು ಇಗ್ನೇಷಿಯಸ್ ಒಪ್ಪದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಡಾರ್ಜಿಲಿಂಗಿನ ರೈಲು, ಕಲ್ಕತ್ತೆಯ ಕಾಯುವಿಕೆ

ನಮ್ಮ ಕಾಲಕ್ಕೆ ಹತ್ತಿರದ, ದಾಖಲೆಗಳೂ ಸಾಕಷ್ಟಿರುವ ಉದಾಹರಣೆ ಮದರ್ ತೆರೇಸಾ ಅವರದು. 1929ರ ಜನವರಿಯಲ್ಲಿ ಕಲ್ಕತ್ತೆಗೆ ಬಂದ ಲೊರೆಟೊ ಸಂಘದ ಈ ಧರ್ಮಭಗಿನಿ ಎಂಟಾಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. 1946ರ ಸೆಪ್ಟೆಂಬರ್ 10ರಂದು ವಾರ್ಷಿಕ ಧ್ಯಾನಕ್ಕೆಂದು ಡಾರ್ಜಿಲಿಂಗಿಗೆ ರೈಲಿನಲ್ಲಿ ಹೋಗುವಾಗ, ಕಾನ್ವೆಂಟು ಬಿಟ್ಟು ಬಡವರಲ್ಲೇ ಬಡವರ ನಡುವೆ ಇದ್ದು ದುಡಿ ಎಂಬ ಕರೆ ತಮಗೆ ಬಂತೆಂದು ಅವರು ಹೇಳಿದ್ದಾರೆ. ಈಗಾಗಲೇ ಕರೆಗೆ ಓಗೊಟ್ಟು ಸನ್ಯಾಸಿನಿಯಾದವರಿಗೆ ಬಂದ ಎರಡನೆಯ ಕರೆ ಅದು. ಮುಂದೆ ಅವರು ಕಟ್ಟಿದ ಮಿಷನರೀಸ್ ಆಫ್ ಚಾರಿಟಿ ಸಂಘ ಆ ದಿನವನ್ನು ಇಂದಿಗೂ ಆಚರಿಸುತ್ತದೆ.

ಜನಪ್ರಿಯ ಕತೆಗಳಲ್ಲಿ ರೈಲಿನಿಂದ ಇಳಿದವರು ನೇರವಾಗಿ ಕೊಳೆಗೇರಿಗೆ ಹೋದಂತೆ ಕಾಣುತ್ತದೆ. ನಡೆದದ್ದು ಹಾಗಲ್ಲ. ಅವರು ಮೊದಲು ತಮ್ಮ ಆಧ್ಯಾತ್ಮಿಕ ಗುರುಗಳಾಗಿದ್ದ ಜೆಸ್ವಿಟ್ ಫಾದರ್ ಸೆಲೆಸ್ಟ್ ವಾನ್ ಎಕ್ಸೆಮರ ಮುಂದೆ ಎಲ್ಲವನ್ನೂ ಬಿಚ್ಚಿಟ್ಟರು. ಫಾದರ್ ಅವರನ್ನು ಕಾಯಿಸಿದರು. ಆಮೇಲೆ ವಿಷಯ ಹೋದದ್ದು ಕಲ್ಕತ್ತೆಯ ಆರ್ಚ್‌ಬಿಷಪ್ ಫರ್ಡಿನಾಂಡ್ ಪೆರಿಯೆ ಅವರಲ್ಲಿಗೆ. ಅವರಿಗೂ ಅವಸರವಿರಲಿಲ್ಲ. ಒಬ್ಬ ಐರೋಪ್ಯ ಸನ್ಯಾಸಿನಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ, ಕೋಮುಗಲಭೆಯಲ್ಲಿ ಉರಿದ ನಗರದ ಬೀದಿಯಲ್ಲಿ ಒಂಟಿಯಾಗಿ ನಿಲ್ಲುವುದೆಂದರೆ ಸುಮ್ಮನೆ ಮಾತಲ್ಲ. ಪೆರಿಯೆ ಪ್ರಶ್ನೆ ಕೇಳಿದರು, ಬಲ್ಲವರೊಡನೆ ಸಮಾಲೋಚಿಸಿದರು, ಬೇಗ ಮಾಡಿ ಎಂದು ಸಿಸ್ಟರ್ ಬರೆದ ಪತ್ರಗಳ ಒತ್ತಡಕ್ಕೂ ಬಗ್ಗಲಿಲ್ಲ. ನಡುವೆ ತೆರೇಸಾ ಅವರಿಗೆ ಆಸನ್‌ಸೋಲಿಗೆ ವರ್ಗವೂ ಆಯಿತು. ಪೆರಿಯೆ ಒಪ್ಪಿದ್ದು 1948ರ ಜನವರಿಯಲ್ಲಿ, ರೋಮಿನ ಅನುಮತಿ ಬಂದದ್ದು ಅದರ ಮೇಲೆ. ತೆರೇಸಾ ಬಿಳಿ ಸೀರೆ ಉಟ್ಟು ಲೊರೆಟೊ ಕಾನ್ವೆಂಟಿನ ಹೊಸ್ತಿಲು ದಾಟಿದಾಗ 1948ರ ಆಗಸ್ಟ್ 17. ಆಗಲೂ ಮೊದಲು ಹೋದದ್ದು ಕೊಳೆಗೇರಿಗಲ್ಲ, ಶುಶ್ರೂಷೆ ಕಲಿಯಲು ಪಾಟ್ನಾದ ಆಸ್ಪತ್ರೆಗೆ. ಅವರ ಹೊಸ ಸಂಘಕ್ಕೆ ಅಧಿಕೃತ ಮನ್ನಣೆ ಸಿಕ್ಕಿದ್ದು 1950ರ ಅಕ್ಟೋಬರ್ 7ರಂದು. ಕರೆ ಬಂದು ನಾಲ್ಕು ವರ್ಷ ಕಳೆದಿತ್ತು.

ಈ ಕತೆಯ ಇನ್ನೊಂದು ಮುಖ ಹೊರಗೆ ಗೊತ್ತಾದದ್ದು ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ, 2007ರಲ್ಲಿ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ. ಕೆಲಸ ಶುರುವಾದ ಮೇಲೆ ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ, ಪ್ರಾರ್ಥನೆಗೆ ಕುಳಿತರೆ ಬರಿದು ಕತ್ತಲೆ. ಜಗತ್ತು ಅವರ ನಗುಮುಖವನ್ನು ಕಾಣುತ್ತಿದ್ದ ವರ್ಷಗಳವು. ಕೆಲವರು ಇದನ್ನು ಅವಿಶ್ವಾಸವೆಂದರು, ಹಲವರಿಗೆ ಅವರ ಮೇಲಿನ ಗೌರವ ಹೆಚ್ಚಾಯಿತು. ಕರೆ ಸರಿಯಾಗಿದ್ದರೆ ಮನಸ್ಸಿಗೆ ಸದಾ ನೆಮ್ಮದಿ ಎಂಬ ಸುಲಭದ ನಂಬಿಕೆಯನ್ನಂತೂ ಆ ಪತ್ರಗಳು ಉಳಿಸಲಿಲ್ಲ. ಕತ್ತಲಲ್ಲಿ ಹಳೆಯ ನಿರ್ಧಾರ ಬದಲಿಸಬೇಡ ಎಂಬ ಇಗ್ನೇಷಿಯಸರ ಸೂತ್ರದ ಬೆಲೆ ಇಲ್ಲಿ ತಿಳಿಯುತ್ತದೆ. ಮೊದಲೇ ಅಷ್ಟು ಬಿಗಿಯಾಗಿ ಪರೀಕ್ಷೆಗೆ ಒಳಗಾದ ಕರೆಯಾದ್ದರಿಂದಲೇ, ಭಾವ ಬತ್ತಿದ ಮೇಲೂ ಅದರ ಮೇಲೆ ಕಾಲೂರಿ ನಿಲ್ಲುವುದು ಅವರಿಗೆ ಸಾಧ್ಯವಾಯಿತು.

ದನಿಯಿಲ್ಲದೆ ಬಂದ ಕರೆ

ರೈಲಿನಲ್ಲಾಗಲಿ ಗುಡಿಯಲ್ಲಾಗಲಿ ದನಿಯೊಂದು ಕೇಳಿಸಲೇಬೇಕೆಂಬ ನಿಯಮವೂ ಇಲ್ಲ. ಬೆಂಗಳೂರಿನಿಂದ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೋಗುವ ಕನ್ನಡಿಗ ರೋಗಿಗಳು ಕಡಿಮೆಯಿಲ್ಲ. ಆ ಸಂಸ್ಥೆಯ ಹಿಂದಿರುವುದು ಈಡಾ ಸ್ಕಡರ್ ಎಂಬ ಹುಡುಗಿಯ ಹಟ ಮುರಿದ ಒಂದು ರಾತ್ರಿ.

ಸ್ಕಡರ್ ಮನೆತನ ತಲೆಮಾರುಗಳಿಂದ ತಮಿಳುನಾಡಿನಲ್ಲಿ ವೈದ್ಯಕೀಯ ಮಿಷನರಿ ಕೆಲಸ ಮಾಡಿದ ಅಮೆರಿಕನ್ ಕುಟುಂಬ. 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಈಡಾಗೆ ಮಾತ್ರ ಆ ಬದುಕು ಬೇಡವಾಗಿತ್ತು. ಅಮೆರಿಕದಲ್ಲಿ ಓದುತ್ತಿದ್ದವಳು ತಾಯಿಗೆ ಹುಷಾರಿಲ್ಲವೆಂದು 1890ರಲ್ಲಿ ತಿಂಡಿವನಕ್ಕೆ ಬಂದಳು, ಬೇಗ ವಾಪಸಾಗುವ ಯೋಚನೆಯಲ್ಲೇ. ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಮನೆಬಾಗಿಲಿಗೆ ಬಂದರು, ಇಬ್ಬರು ಮೇಲ್ಜಾತಿಯ ಹಿಂದೂಗಳು, ಒಬ್ಬ ಮುಸ್ಲಿಂ. ಮೂವರ ಮನೆಯಲ್ಲೂ ಹೆಂಡತಿಗೆ ಕಷ್ಟದ ಹೆರಿಗೆ, ಮೂವರಿಗೂ ಬೇಕಾಗಿದ್ದು ಹೆಣ್ಣಿನ ನೆರವು. ನನಗೆ ವೈದ್ಯ ಗೊತ್ತಿಲ್ಲ, ತಂದೆಯವರನ್ನು ಕರೆದೊಯ್ಯಿರಿ ಎಂದಳು ಈಡಾ. ಪರಗಂಡಸನ್ನು ಒಳಗೆ ಬಿಡಲಾರೆವು ಎಂದು ಮೂವರೂ ಹಿಂತಿರುಗಿದರು. ಬೆಳಗಾಗುವುದರೊಳಗೆ ಮೂವರು ಬಾಣಂತಿಯರೂ ಸತ್ತಿದ್ದರು.

ಅಂದು ಯಾವ ದೇವದೂತನೂ ಇಳಿದು ಬರಲಿಲ್ಲ. ಕರೆದವರು ಗಾಬರಿಗೊಂಡ ಮೂವರು ಗಂಡಂದಿರು, ಅವರು ಕೇಳಿದ್ದನ್ನು ಕೊಡಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಆ ಇಲ್ಲದಿರುವಿಕೆಯನ್ನೇ ಅವಳು ದೇವರ ಕರೆಯೆಂದು ತಿಳಿದಳು. ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ 1899ರಲ್ಲಿ ಕಾರ್ನೆಲ್ ಕಾಲೇಜಿನಿಂದ ಡಾಕ್ಟರ್ ಆಗಿ ಹೊರಬಂದಳು. ಒಬ್ಬ ದಾನಿ ಕೊಟ್ಟ ಹತ್ತು ಸಾವಿರ ಡಾಲರಿನಿಂದ ವೆಲ್ಲೂರಿನಲ್ಲಿ ಹೆಂಗಸರಿಗಾಗಿ ಆಸ್ಪತ್ರೆ ಕಟ್ಟಿಸಿದಳು, ಅದು 1902ರಲ್ಲಿ ಬಾಗಿಲು ತೆರೆಯಿತು. ಒಬ್ಬಳೇ ಎಷ್ಟು ಬಾಗಿಲಿಗೆ ಹೋಗಲಾದೀತು ಎಂದು 1918ರಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ಶಾಲೆಯನ್ನೂ ಶುರುಮಾಡಿದಳು. ಮರುಕ ಎಲ್ಲರಿಗೂ ಹುಟ್ಟುತ್ತದೆ, ಬಹಳ ಸಲ ಒಂದು ವಾರದಲ್ಲಿ ಆರಿಹೋಗುತ್ತದೆ. ಈಡಾಳ ಮರುಕ ಅಂಗರಚನಾಶಾಸ್ತ್ರದ ಪರೀಕ್ಷೆಗಳನ್ನೂ ಹಣ ಎತ್ತುವ ಅಲೆದಾಟವನ್ನೂ ತಾಳಿಕೊಂಡಿತು. ಅವಳ ಕರೆಗೆ ಆದ ಪರೀಕ್ಷೆ ಅದು.

ಚಮ್ಮಾರನ ಕರೆ, ನೇಕಾರನ ಕರೆ

ಇಷ್ಟು ಹೊತ್ತು ಮಾತಾಡಿದ್ದು ಪಾದ್ರಿಗಳ, ಸನ್ಯಾಸಿನಿಯರ, ಮಿಷನರಿಗಳ ಕರೆಯ ಬಗ್ಗೆ. ಉಳಿದವರಿಗೆ ಕರೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಜೋರಾಗಿ ಕೇಳಿದವರು ಮಾರ್ಟಿನ್ ಲೂಥರ್. 1505ರ ಜುಲೈಯಲ್ಲಿ ಸ್ಟಾಟರ್ನ್‌ಹೈಮ್ ಎಂಬ ಊರಿನ ಬಳಿ ಸಿಡಿಲಿಗೆ ಸಿಕ್ಕ ಕಾನೂನು ವಿದ್ಯಾರ್ಥಿ ಲೂಥರ್, ಬದುಕಿದರೆ ಸನ್ಯಾಸಿಯಾಗುವೆ ಎಂದು ಸಂತ ಅನ್ನಮ್ಮನಿಗೆ ಹರಕೆ ಹೊತ್ತು, ಎರ್ಫರ್ಟಿನ ಮಠ ಸೇರಿದರು. ತಂದೆ ಹಾನ್ಸ್ ಲೂಥರ್ ಕೆಂಡವಾದರು. ಮಗನ ಮೊದಲ ಪೂಜೆಗೆ ಬಂದವರು, ಅದು ದೇವರ ಕೆಲಸವೇ ಆಗಿತ್ತೋ ಸೈತಾನನ ಮೋಸವೋ ಎಂದು ಕೇಳಿದರಂತೆ. 1521ರಲ್ಲಿ ಸನ್ಯಾಸದ ವ್ರತಗಳ ವಿರುದ್ಧ ಬರೆದ ಗ್ರಂಥವನ್ನು ಲೂಥರ್ ತಂದೆಗೇ ಅರ್ಪಿಸಿ, ಅಂದು ನೀವು ಹೇಳಿದ್ದರಲ್ಲಿ ಸತ್ಯವಿತ್ತು ಎಂದು ಒಪ್ಪಿಕೊಂಡರು.

ಭಯದಲ್ಲಿ ಹೊತ್ತ ಹರಕೆ ಕರೆಯಾಗದು ಎಂಬಲ್ಲಿಂದ ಮುಂದೆ ಹೋಗಿ ಅವರು ದೊಡ್ಡದೊಂದು ಮಾತು ಹೇಳಿದರು: ಮಠದೊಳಗಿನ ಸನ್ಯಾಸಿಗಿಂತ ಮಗುವಿನ ಬಟ್ಟೆ ಒಗೆಯುವ ತಾಯಿ ತಂದೆ, ಚಪ್ಪಲಿ ಹೊಲಿಯುವ ಚಮ್ಮಾರ ದೇವರಿಗೆ ಕಡಿಮೆಯವರಲ್ಲ, ನೆರೆಯವನಿಗೆ ಉಪಕಾರವಾಗುವ ಪ್ರತಿಯೊಂದು ದುಡಿಮೆಯೂ ಕರೆಯೇ. ನಾಲ್ಕು ಶತಮಾನಗಳ ಮೇಲೆ, ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ದಾಖಲೆಯಲ್ಲಿ, ಪಾವಿತ್ರ್ಯದ ಕರೆ ಗುರುಗಳಿಗಷ್ಟೇ ಅಲ್ಲ, ದೀಕ್ಷಾಸ್ನಾನ ಪಡೆದ ಎಲ್ಲರಿಗೂ ಬಂದಿದೆ ಎಂದು ಸಾರಿತು. ಬೇರೆಬೇರೆ ದಾರಿಯಿಂದ ಬಂದ ಎರಡು ಪರಂಪರೆಗಳು ಈ ಮಾತಿನಲ್ಲಿ ಹತ್ತಿರವಾದವು.

ಕರಾವಳಿಯವರಿಗೆ ಈ ವಿಚಾರದ ಫಲ ಪರಿಚಿತವೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಪ್ರಾರ್ಥನೆಯಷ್ಟೇ ಶಿಸ್ತಿನ ದುಡಿಮೆಗೂ ಬೆಲೆಯಿತ್ತು. ಮತಾಂತರಗೊಂಡವರು ಊರಿನ ಕಸುಬು, ಜಮೀನು ಕಳೆದುಕೊಂಡಾಗ ಅವರಿಗೆ ಅನ್ನದ ದಾರಿಯೂ ಬೇಕಿತ್ತು. ಎರಡೂ ಸೇರಿ ಮುದ್ರಣಾಲಯ, ನೇಯ್ಗೆ ಕಾರ್ಖಾನೆ, 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆ ಇವೆಲ್ಲ ಬಂದವು. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ಇಬ್ಬರೂ ಸುವಾರ್ತೆ ಸಾರಲು ಬಂದವರೇ. ಅವರು ಹೊರಟಾಗ ಪತ್ರಿಕೆಯಾಗಲಿ ನಿಘಂಟಾಗಲಿ ಯಾರ ಲೆಕ್ಕದಲ್ಲೂ ಇರಲಿಲ್ಲ. ಕರೆ ಯಾವ ರೂಪ ತಾಳುತ್ತದೆ ಎಂಬುದು ಹೊರಡುವ ದಿನವೇ ತಿಳಿಯುವುದಿಲ್ಲ.

ಓಗೊಟ್ಟವನ ಜೊತೆ ಬೇರೆಯವರೂ ಬೆಲೆ ತೆರುತ್ತಾರೆ ಎಂಬುದಕ್ಕೂ ಮಂಗಳೂರಿನಲ್ಲೇ ಉದಾಹರಣೆಯಿದೆ. ಮೋಗ್ಲಿಂಗರ ಶಿಷ್ಯ, ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಪಟ್ಟಣ ತಲ್ಲಣಿಸಿತು, ಬಂಧುಬಳಗದ ನಂಟು ಹರಿಯಿತು. ಅವರು ಬಾಸೆಲ್ಲಿಗೆ ಹೋಗಿ ವರ್ಷಗಟ್ಟಲೆ ಓದಿ, ಅಭಿಷೇಕ ಪಡೆದು, ಮಂಗಳೂರಿಗೆ ಮರಳಿ ದುಡಿದರು. ಅವರ ನಂಬಿಕೆಯ ಗಟ್ಟಿತನವನ್ನು ಹೊಗಳುವವರು ಅವರ ಮನೆಯವರ ದುಃಖವನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು.

ದುಡಿಮೆಯೇ ಕರೆ ಎಂಬ ವಿಚಾರಕ್ಕೆ ಅಡ್ಡಪರಿಣಾಮವೂ ಇದೆ. ಇರುವ ಸ್ಥಾನದಲ್ಲೇ ಇರು, ಅದೇ ದೇವರಿಟ್ಟ ಜಾಗ ಎಂದು ಗುಲಾಮರಿಗೆ, ಜೀತದಾಳುಗಳಿಗೆ ಬೋಧಿಸಿದ ಕ್ರೈಸ್ತರೂ ಇದ್ದರು. ಹುಟ್ಟಿನಿಂದಲೇ ಕಸುಬು ಹಚ್ಚುವ ಸಮಾಜದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಿಟ್ಟುಹೋಗುವ ಸ್ವಾತಂತ್ರ್ಯ ಇಲ್ಲದ ಕೆಲಸವನ್ನು ಕರೆ ಎಂದು ಹೊಗಳುವುದು ಮೋಸ.

ಪರೀಕ್ಷಕರೇ ತಪ್ಪಿದಾಗ

ಸಮುದಾಯ ಪರೀಕ್ಷಿಸಬೇಕು ಎಂದರೆ ಸಮುದಾಯ ತಪ್ಪುವುದಿಲ್ಲ ಎಂದಲ್ಲ. ಸಂತರ ದನಿ ಕೇಳಿಸುತ್ತಿದೆ ಎಂದ ಹಳ್ಳಿಹುಡುಗಿ ಜೋನ್ ಆಫ್ ಆರ್ಕಳನ್ನು ಇಂಗ್ಲಿಷರ ಪರವಾಗಿದ್ದ ಬಿಷಪ್ಪನ ನ್ಯಾಯಾಲಯ ಪಾಷಂಡಿ ಎಂದು ತೀರ್ಮಾನಿಸಿತು. 1431ರ ಮೇ 30ರಂದು ರೂಆನ್ ಪಟ್ಟಣದಲ್ಲಿ ಅವಳನ್ನು ಸುಟ್ಟರು. 1456ರಲ್ಲಿ ಚರ್ಚು ಆ ತೀರ್ಪನ್ನು ರದ್ದುಮಾಡಿತು, 1920ರಲ್ಲಿ ಅವಳನ್ನೇ ಸಂತಳೆಂದು ಸಾರಿತು. ಅಲ್ಲಿ ಪರೀಕ್ಷಕರಾಗಿದ್ದವರು ಏಲಿಯ ಹಾಗೆ ತಮ್ಮ ಲಾಭವನ್ನು ಬದಿಗಿಟ್ಟಿರಲಿಲ್ಲ.

ಹೆಂಗಸರ ಕರೆಯ ಪ್ರಶ್ನೆಯಲ್ಲಿ ಚರ್ಚುಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. 1897ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡ ಲಿಸ್ಯೂವಿನ ಸಂತ ತೆರೇಸಾ, ಗುರುವಾಗುವ ಹಂಬಲ ತನ್ನೊಳಗಿದೆ ಎಂದು ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಕ್ಯಾಥೊಲಿಕ್ ಚರ್ಚು ಅವರನ್ನು ಆಚಾರ್ಯರ ಸಾಲಿಗೆ ಸೇರಿಸಿತು, ಹೆಂಗಸರಿಗೆ ಗುರುದೀಕ್ಷೆಯನ್ನು ಮಾತ್ರ ಕೊಡುವುದಿಲ್ಲ. ದಕ್ಷಿಣ ಭಾರತ ಸಭೆ 1976ರಿಂದ ಮಹಿಳೆಯರಿಗೆ ಸಭಾಪಾಲಕರ ಅಭಿಷೇಕ ನೀಡುತ್ತಿದೆ, 2013ರಲ್ಲಿ ನಂದ್ಯಾಲದಲ್ಲಿ ಅದರ ಮೊದಲ ಮಹಿಳಾ ಬಿಷಪ್ ಪಟ್ಟಕ್ಕೇರಿದರು. ಒಂದೇ ಬೈಬಲು ಓದುವ ಎರಡು ಸಭೆಗಳು ಒಂದೇ ಬಗೆಯ ಕರೆಗೆ ಬೇರೆಬೇರೆ ಉತ್ತರ ಕೊಡುತ್ತಿವೆ.

ಹಾಗಾದರೆ ಯಾರ ಪರೀಕ್ಷೆಯೂ ಬೇಡ, ನನಗೂ ದೇವರಿಗೂ ನೇರ ಸಂಬಂಧ ಎನ್ನುವುದು ಮೇಲೇ? ಅದರ ಫಲವನ್ನೂ ಕಂಡಿದ್ದೇವೆ. ದೇವರು ನನಗೆ ಹೇಳಿದ್ದಾನೆ ಎಂಬ ಒಂದು ವಾಕ್ಯವನ್ನು ಬಂಡವಾಳ ಮಾಡಿಕೊಂಡು ಬಡವರ ಕಾಣಿಕೆಯಲ್ಲಿ ಬೆಳೆದವರು, ಕಾಯಿಲೆಯವರ ಔಷಧಿ ಬಿಡಿಸಿದವರು, ಪ್ರಶ್ನೆ ಕೇಳಿದವರನ್ನು ಶಪಿಸಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಲೆಕ್ಕ ಕೇಳಬಾರದು ಎಂದು ಕರೆಯ ಹೆಸರಿನಲ್ಲಿ ಯಾರಾದರೂ ಹೇಳಿದರೆ ಅಲ್ಲಿಗೇ ಸಂಶಯ ಶುರುವಾಗಬೇಕು. ಪೌಲನಂಥವನೇ ಜೆರುಸಲೇಮಿಗೆ ಹೋಗಿ ಲೆಕ್ಕ ಒಪ್ಪಿಸಿದ.

ಹಿಂತಿರುಗಿ ಬಂದವರು

ಚರ್ಚಿನ ಕಾನೂನಿನಲ್ಲೂ ಈ ಎಚ್ಚರ ಕಾಣುತ್ತದೆ. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ ಪ್ರಕಾರ ಇಪ್ಪತ್ತೈದು ತುಂಬುವ ಮೊದಲು ಸಾಮಾನ್ಯವಾಗಿ ಗುರುದೀಕ್ಷೆ ಇಲ್ಲ. ಸನ್ಯಾಸ ಸಂಘಕ್ಕೆ ಸೇರುವವರಿಗೆ ಕಡೇಪಕ್ಷ ಹನ್ನೆರಡು ತಿಂಗಳ ನೊವಿಷಿಯೇಟ್ ಎಂಬ ಪರೀಕ್ಷಾಕಾಲ, ಆಮೇಲೆ ಕನಿಷ್ಠ ಮೂರು ವರ್ಷದ ತಾತ್ಕಾಲಿಕ ವ್ರತ, ಅದನ್ನೂ ದಾಟಿದ ಮೇಲೆಯೇ ಜೀವಮಾನದ ವ್ರತ. ಅಭ್ಯರ್ಥಿಯ ವಿಷಯದಲ್ಲಿ ಅಡ್ಡಿ ಆತಂಕ ಗೊತ್ತಿದ್ದರೆ ದೀಕ್ಷೆಗೆ ಮೊದಲೇ ತಿಳಿಸುವುದು ಸಾಮಾನ್ಯ ವಿಶ್ವಾಸಿಗಳ ಕರ್ತವ್ಯ. ಯಾರನ್ನೂ ಯಾವ ಕಾರಣಕ್ಕೂ ಬಲವಂತದಿಂದ ದೀಕ್ಷೆಗೆ ಒಪ್ಪಿಸುವಂತಿಲ್ಲ. ಆಂಬ್ರೋಸನನ್ನೂ ಅಗಸ್ಟಿನನನ್ನೂ ಎಳೆತಂದ ಚರ್ಚೇ ಈಗ ಆ ಬಾಗಿಲನ್ನು ಮುಚ್ಚಿದೆ.

ಈ ಮೆಟ್ಟಿಲುಗಳೆಲ್ಲ ಇರುವುದು ಮೇಲೇರಲು ಮಾತ್ರವಲ್ಲ, ಇಳಿಯಲೂ ಸಹ. ನಮ್ಮ ಕ್ರೈಸ್ತ ಮನೆಗಳು ಮರೆಯುವುದು ಇದನ್ನೇ. ಮನೆಗೊಬ್ಬ ಪಾದ್ರಿ, ಇಲ್ಲವೇ ಒಬ್ಬ ಸಿಸ್ಟರ್ ಇರಬೇಕೆಂಬ ಹೆಮ್ಮೆ ಹಳೆಯದು. ಹುಡುಗ ಸೆಮಿನರಿಗೆ ಹೊರಟ ದಿನ ನೆಂಟರಿಷ್ಟರೆಲ್ಲ ಸೇರುತ್ತಾರೆ. ಅದೇ ಹುಡುಗ ನಾಲ್ಕು ವರ್ಷದ ಮೇಲೆ, ಇದು ನನ್ನ ದಾರಿಯಲ್ಲ ಎಂದು ಪೆಟ್ಟಿಗೆ ಹಿಡಿದು ಬಂದರೆ ಮನೆಯವರು ತಲೆ ತಗ್ಗಿಸುತ್ತಾರೆ, ಊರವರು ಅವನಲ್ಲಿ ಏನು ಐಬಿತ್ತೋ ಎಂದು ಗುಸುಗುಸು ಶುರುಮಾಡುತ್ತಾರೆ. ಇಪ್ಪತ್ತು ದಾಟಿದ ಹೆಣ್ಣುಮಗಳು ಕಾನ್ವೆಂಟು ಬಿಟ್ಟು ಬಂದರಂತೂ ಕೇಳುವುದೇ ಬೇಡ. ಈ ಅಂಜಿಕೆಯಿಂದಲೇ, ಇಷ್ಟವಿಲ್ಲದಿದ್ದರೂ ಅಲ್ಲೇ ಉಳಿದುಬಿಟ್ಟವರ ಬದುಕು ಅವರಿಗೂ ಹೊರೆ, ಅವರ ಸೇವೆಗೆ ಬಿದ್ದ ಜನರಿಗೂ ಹೊರೆ.

ಸುವಾರ್ತೆಯಲ್ಲಿ ಯೇಸುವಿನ ಕರೆಗೆ ಓಗೊಡದೆ ಹೋದವನೊಬ್ಬನಿದ್ದಾನೆ. ಆಸ್ತಿಯೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂದಾಗ ಆ ಸಿರಿವಂತ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋದ. ಯೇಸು ಅವನನ್ನು ನೋಡಿ ಪ್ರೀತಿಸಿದನೆಂದು ಮಾರ್ಕನು ಬರೆಯುತ್ತಾನೆ, ಆದರೆ ಬೆನ್ನಟ್ಟಿ ಹೋಗಲಿಲ್ಲ, ಬೆದರಿಸಲೂ ಇಲ್ಲ. ಕರೆದವನೇ ಅಷ್ಟು ಸ್ವಾತಂತ್ರ್ಯ ಕೊಟ್ಟ ಮೇಲೆ ಅಪ್ಪ ಅಮ್ಮ, ಸಭೆ, ಬಿಷಪರು ಅದನ್ನು ಕಸಿದುಕೊಳ್ಳುವಂತಿಲ್ಲ. ಸೆಮಿನರಿಯಲ್ಲಿದ್ದ ವರ್ಷಗಳಲ್ಲಿ ತನ್ನನ್ನು ತಾನು ಪರೀಕ್ಷಿಸಿ, ಅಲ್ಲ ಎಂಬ ಉತ್ತರ ಕಂಡುಕೊಂಡು ಬಂದ ಹುಡುಗ ಸೋತವನಲ್ಲ. ಪರೀಕ್ಷೆ ಇದ್ದದ್ದೇ ಆ ಉತ್ತರಕ್ಕೂ ಜಾಗ ಇರಲೆಂದು. ಅವನನ್ನು ಊಟಕ್ಕೆ ಕರೆದು, ಮುಂದೇನು ಓದುತ್ತೀಯಪ್ಪ ಎಂದು ಸಹಜವಾಗಿ ಕೇಳಬಲ್ಲ ಊರು, ಹೊಸ ಗುರುಗಳಿಗೆ ಹಾರ ಹಾಕುವ ಊರಿಗಿಂತ ಕರೆಯ ಅರ್ಥವನ್ನು ಚೆನ್ನಾಗಿ ತಿಳಿದಿದೆ.